ಸ್ಕಿಪರ್ಕೆ ಮರಿ ತರುವ ಮುನ್ನ: ದೋಣಿಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಕಾಲುವೆ_ವಾಸಿ ಕೇಳಿದ್ದು:

ನಮಸ್ಕಾರ. ಬೆಲ್ಜಿಯಂನ ಗೆಂಟ್‌ನಲ್ಲಿ ಕಾಲುವೆ ದಂಡೆಗೆ ಕಟ್ಟಿದ ದೋಣಿಮನೆ. ಉದ್ದ 22 ಮೀಟರ್. ಸುತ್ತಲೂ ಕಂಬಿ ಇದೆ, ಆದರೆ ಕೆಳಗಿನ ಕಂಬಿಗೂ ಡೆಕ್ಕಿಗೂ ನಡುವೆ 40 ಸೆಂ.ಮೀ. ತೆರಪು. ವರ್ಷಕ್ಕೆ ಎರಡು ಮೂರು ಸಲ ಹಗ್ಗ ಬಿಚ್ಚಿಕೊಂಡು ಲಾಕ್‌ಗಳನ್ನು (ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಕಾಲುವೆಯ ಕಟ್ಟೆಗಳನ್ನು) ದಾಟಿ ಹೋಗುವುದುಂಟು. ಸ್ಕಿಪರ್ಕೆ ಎಂಬ ಇಲ್ಲಿನ ಪುಟ್ಟ ಕಪ್ಪು ನಾಯಿಯ ಮರಿ ತರಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ತಿಳಿದವರಿಂದ ಇಷ್ಟು ಬೇಕು:

ಅಸಲಿ ಸ್ಕಿಪರ್ಕೆಯನ್ನು ಕಪ್ಪು ಪಮೇರಿಯನ್‌ನಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ತಳಿ ಬೆಳೆಸುವವರಿಂದ ಯಾವ ಕಾಗದ ಕೇಳಬೇಕು? ನೀರಿಗೆ ಬೀಳದಂತೆ ದೋಣಿಯಲ್ಲಿ ಏನು ಬದಲಾಯಿಸಬೇಕು? ಪಕ್ಕದ ದೋಣಿ ಮೂರೇ ಮೀಟರ್ ದೂರದಲ್ಲಿದೆ, ಬೊಗಳುವುದನ್ನು ಹಿಡಿತಕ್ಕೆ ತರಲು ಆಗುತ್ತದೆಯೇ? ಎರಡು ವರ್ಷದ ನಂತರ ಮಂಗಳೂರಿಗೆ ವಾಪಸಾಗುವ ಯೋಚನೆಯಿದೆ, ಅಲ್ಲಿನ ಸೆಕೆಯನ್ನು ಅದು ತಡೆದೀತೇ?

---

ಮೂರು_ಮೊಳ_ಹಗ್ಗ:

ಮೊದಲು ಹೆಸರು. ನಾವು ಬರೆಯುವುದು ಸ್ಕಿಪರ್ಕೆ. ನಿಮ್ಮ ಫ್ಲಾಂಡರ್ಸ್‌ನಲ್ಲಿ ಅದನ್ನು ಗಂಟಲಿನ ‘ಖ’ ಸೇರಿಸಿ ‘ಸ್ಖಿಪ್ಪರ್ಕ’ ಎನ್ನುತ್ತಾರೆ. ಕೊನೆಯ ‘ಕೆ’ ಅಲ್ಲಿನ ಮಾತಿನಲ್ಲಿ ‘ಪುಟ್ಟ’ ಎಂಬ ಅರ್ಥ ಕೊಡುವ ಪ್ರತ್ಯಯ. ‘ಸ್ಖಿಪ್ಪರ್’ ಎಂದರೆ ಅಂಬಿಗ, ಹಾಗಾಗಿ ‘ಪುಟ್ಟ ಅಂಬಿಗ’. ಕುರಿಗಾಹಿಗೆ ಹೇಳುವ ‘ಸ್ಖೇಪರ್’ ಪದದಿಂದ ಬಂತು, ಆದ್ದರಿಂದ ‘ಪುಟ್ಟ ಕುರಿಗಾಹಿ’ ಎನ್ನುವವರೂ ಇದ್ದಾರೆ. ಎರಡನೆಯದನ್ನು ಸುಲಭವಾಗಿ ತಳ್ಳಿಹಾಕಲಾಗದು. ಲೂವೆನ್ ಸುತ್ತಲಿನ ಲೂವೆನಾರ್ ಎಂಬ ಕಪ್ಪು ಸಣ್ಣ ಕುರಿನಾಯಿಯೇ ಇದರ ಮೂಲ. ಅದೇ ಮೂಲದಿಂದ ಗ್ರೋನೆಂಡಾಲ್ ಎಂಬ ದೊಡ್ಡ ಕಪ್ಪು ಕುರಿನಾಯಿ ಕೂಡ ಬಂದಿದೆ ಎಂಬುದು ತಳಿಯವರ ಮಾತು. ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ಇದನ್ನು ಸ್ಪಿಟ್ಜ್ (ಪಮೇರಿಯನ್‌ನಂಥ ಚೂಪು ಕಿವಿ, ಚೂಪು ಮೂತಿಯ ನಾಯಿಗಳ) ಗುಂಪಿಗೆ ಸೇರಿಸದೆ ಮೊದಲನೆಯ ಗುಂಪಿನಲ್ಲಿ, ಅಂದರೆ ಕುರಿನಾಯಿಗಳ ಜೊತೆ, 83ನೇ ಸಂಖ್ಯೆಯ ಮಾನಕವಾಗಿ ಇಟ್ಟಿದೆ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಕಿವಿ ಮೂತಿ ನೋಡಿ ಸ್ಪಿಟ್ಜ್ ಎನ್ನಿಸಿದರೂ ಇದರ ಮೈಕಟ್ಟು ಗಿಡ್ಡ ಮಾಡಿದ ಕುರಿನಾಯಿಯದು.

ಜಾಹೀರಾತು ಹುಡುಕುವಾಗ ಒಂದು ಗೊಂದಲ ಎದುರಾದೀತು. ಬ್ರಸೆಲ್ಸ್, ಲೂವೆನ್ ಕಡೆ ಹಿಂದೆ ಇದನ್ನು ‘ಸ್ಪಿಟ್ಸ್’ ಎಂದೇ ಕರೆಯುತ್ತಿದ್ದರು. 1888ರಲ್ಲಿ ತಳಿ ಸಂಘ ಹುಟ್ಟಿದಾಗ ಜರ್ಮನ್ ಸ್ಪಿಟ್ಜ್‌ನಿಂದ ಬೇರೆಯಾಗಿ ತೋರಲೆಂದು ಸ್ಕಿಪರ್ಕೆ ಎಂಬ ಹೆಸರು ಗಟ್ಟಿಯಾಯಿತು. ಫ್ಲೆಮಿಷ್ ಕಾಲುವೆಗಳಲ್ಲಿ ಓಡುವ 38.5 ಮೀಟರ್ ಉದ್ದ, 5 ಮೀಟರ್ ಅಗಲದ ಸರಕು ದೋಣಿಗೂ ‘ಸ್ಪಿಟ್ಸ್’ ಎಂದೇ ಹೆಸರು. ಹುಡುಕಿದ್ದು ನಾಯಿ, ಸಿಕ್ಕಿದ್ದು ದೋಣಿ ಎಂದಾದರೆ ಕಾರಣ ಅದೇ.

ಇನ್ನು ಗುರುತು. ಪಕ್ಕದಿಂದ ನೋಡಿ. ಭುಜದ ಎತ್ತರವೂ ದೇಹದ ಉದ್ದವೂ ಸಮ, ಚೌಕ. ಕತ್ತಿನ ಸುತ್ತ ನಿಂತ ದಟ್ಟ ಕೂದಲು, ಎದೆಯ ಮೇಲೆ ಮುಂಗಾಲುಗಳ ನಡುವೆ ಇಳಿಯುವ ಜೂಲು, ಹಿಂದೊಡೆಗಳ ಮೇಲೆ ಚಲ್ಲಣ ತೊಡಿಸಿದಂಥ ಕೂದಲು. ನಡುಮೈಯಲ್ಲಿ ಕೂದಲು ಗಿಡ್ಡ. ಈ ಏರಿಳಿತದಿಂದ ಬೆನ್ನು ಕತ್ತಿನಿಂದ ಹಿಂದಕ್ಕೆ ಇಳಿಜಾರಾದಂತೆ ಕಾಣುತ್ತದೆ. ಪಮೇರಿಯನ್‌ನಲ್ಲಿ ಕೂದಲು ಮೈತುಂಬ ಒಂದೇ ಸಮ ಉಬ್ಬಿ ಚೆಂಡಿನಂತೆ ಕಾಣುತ್ತದೆ, ಬಾಲ ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಮುಟ್ಟಿ ನೋಡಿದರೆ ಇನ್ನೂ ಸ್ಪಷ್ಟ: ಸ್ಕಿಪರ್ಕೆಯ ಹೊರಗೂದಲು ತುಸು ಒರಟು, ನೇರ, ಪಮೇರಿಯನ್‌ನದು ಉದ್ದ, ಹಗುರ. ಪಮೇರಿಯನ್ ಎತ್ತರ 18ರಿಂದ 24 ಸೆಂ.ಮೀ.; ಸ್ಕಿಪರ್ಕೆ ಗಂಡು 33 ಸೆಂ.ಮೀ.ವರೆಗೂ ಹೋಗುತ್ತದೆ. ತೂಕಕ್ಕೆ ಮಾನಕ 3ರಿಂದ 9 ಕಿಲೋ ಎಂದು ಸಡಿಲ ಬಿಟ್ಟಿದೆ, ಬೇಕೆನ್ನುವುದು 4ರಿಂದ 7. ತಲೆ ನರಿಯಂತೆ ಬೆಣೆಯಾಕಾರ, ಮೂತಿ ತಲೆಯ ಉದ್ದದ ಸುಮಾರು ಶೇ. 40 ಭಾಗ, ಕಣ್ಣು ಸಣ್ಣದು, ಬಾದಾಮಿ ಆಕಾರ, ಕಡುಕಂದು. ಹೊರಚಾಚಿದ ದುಂಡು ಕಣ್ಣು ಕಂಡರೆ ಅನುಮಾನಿಸಿ.

ಎಂಟು ವಾರದ ಮರಿಯಲ್ಲಿ ಇದ್ಯಾವುದೂ ನೆಟ್ಟಗೆ ಕಾಣುವುದಿಲ್ಲ. ಎಲ್ಲವೂ ಕರಿ ಉಣ್ಣೆಯ ಉಂಡೆ. ಆದ್ದರಿಂದ ನೋಡಬೇಕಾದ್ದು ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ. ತಾಯಿ ಹೆತ್ತ ಮೇಲೆ ಕೂದಲು ಉದುರಿ ಬೋಳಾಗಿರುತ್ತಾಳೆ, ಅದು ದೋಷವಲ್ಲ. ಒಳತುಪ್ಪಳ ಕಡುಬೂದು ಇದ್ದರೂ ದೋಷವಲ್ಲ, ಹೊರಗೂದಲು ಅದನ್ನು ಪೂರ್ತಿ ಮುಚ್ಚಿದ್ದರೆ ಸಾಕು. ಎದೆಯ ಮೇಲೆ ಬಿಳಿ ಮಚ್ಚೆ ಪ್ರದರ್ಶನಕ್ಕೆ ಕುಂದು, ಸಾಕಲು ಏನೂ ಅಡ್ಡಿಯಿಲ್ಲ.

ಬಾಲದ ಬಗ್ಗೆ ಹೇಳಲೇಬೇಕು. ಹಳೆಯ ಚಿತ್ರಗಳಲ್ಲಿ ಬಾಲವಿಲ್ಲದ ಸ್ಕಿಪರ್ಕೆಯೇ ಕಾಣುವುದು, ಏಕೆಂದರೆ ಕತ್ತರಿಸುತ್ತಿದ್ದರು. ಬೆಲ್ಜಿಯಂನಲ್ಲಿ 2006ರಿಂದ ಬಾಲ ಕತ್ತರಿಸುವುದು ನಿಷಿದ್ಧ. ಹುಟ್ಟಾ ಮೋಟು ಬಾಲ ಈ ತಳಿಯಲ್ಲಿ ಇದೆ, ಅದರ ವಂಶವಾಹಿಗೂ ಪರೀಕ್ಷೆ ಇದೆ. ‘ಹುಟ್ಟಾ ಮೋಟು’ ಎಂದು ಹೇಳಿ ಮಾರುವವರ ಹತ್ತಿರ ಆ ಪರೀಕ್ಷೆಯ ಕಾಗದ ಕೇಳಿ. ಒಂದೇ ಸೂಲಿನ ಎಲ್ಲ ಮರಿಗಳೂ ಒಂದೇ ಅಳತೆಗೆ ಮೋಟಾಗಿದ್ದರೆ ಕತ್ತರಿಸಿದ್ದೇ ಸರಿ. ಹುಟ್ಟಾ ಮೋಟಿನಲ್ಲಿ ಒಂದಕ್ಕೆ ಒಂದಿಂಚು, ಇನ್ನೊಂದಕ್ಕೆ ಅರ್ಧ ಬಾಲ, ಮತ್ತೊಂದಕ್ಕೆ ಪೂರ್ತಿ, ಹೀಗೆ ಬೆರಕೆ ಬರುತ್ತದೆ.

---

ಹೆಜ್ಜೆ_ಗುರುತು:

ಮೇಲಿನವರು ಗುರುತಿನ ಬಗ್ಗೆ ಹೇಳಿದ್ದು ಸರಿ. ಆದರೆ ನೋಟಕ್ಕಿಂತ ಮುಖ್ಯವಾದದ್ದು ಒಂದಿದೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆಂದು ತಿಳಿದು ಓದಿ: ತಂದೆ ತಾಯಿಯ ಎಂಪಿಎಸ್ ಮೂರು-ಬಿ ಪರೀಕ್ಷೆಯ ಫಲಿತಾಂಶ ಕೈಗೆ ಸಿಗದೆ ಮುಂಗಡ ಕೊಡಬೇಡಿ.

ಇದು ಈ ತಳಿಯಲ್ಲಿ ಹರಿದುಬರುವ ರೋಗ. ಜೀವಕೋಶದೊಳಗೆ ಹೆಪರಾನ್ ಸಲ್ಫೇಟ್ ಎಂಬ ವಸ್ತುವನ್ನು ಒಡೆಯುವ ಕಿಣ್ವವೊಂದು ಇರಬೇಕು. ಅದನ್ನು ತಯಾರಿಸುವ ವಂಶವಾಹಿ ಕೆಟ್ಟಿದ್ದರೆ ಆ ವಸ್ತು ಕರಗದೆ ಜೀವಕೋಶಗಳಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ, ಮಿದುಳಿನಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ. ಮರಿ ಹುಟ್ಟುವಾಗ, ಒಂದು ವರ್ಷವಾದಾಗ, ಎರಡು ತುಂಬುವಾಗಲೂ ಚೆನ್ನಾಗಿಯೇ ಇರುತ್ತದೆ. ಎರಡರಿಂದ ನಾಲ್ಕು ವರ್ಷದೊಳಗೆ ಲಕ್ಷಣ ಶುರು: ಹಿಂಗಾಲು ಅಗಲಿಸಿ ನಿಲ್ಲುವುದು, ಮೆಟ್ಟಿಲಲ್ಲಿ ಎಡವುವುದು, ಮುಂಗಾಲನ್ನು ಬೇಕಾದ್ದಕ್ಕಿಂತ ಎತ್ತಿ ಇಡುವುದು, ತಲೆ ನಡುಗುವುದು, ತಿರುಗುವಾಗ ಬೀಳುವುದು. ಒಂದೆರಡು ವರ್ಷದಲ್ಲಿ ನಿಲ್ಲಲಾಗದ ಸ್ಥಿತಿ. ಚಿಕಿತ್ಸೆ ಇಲ್ಲ. ಲಕ್ಷಣ ಇಷ್ಟು ತಡವಾಗಿ ಬರುವುದರಿಂದಲೇ ಇದು ಹರಡಿದ್ದು: ಅಷ್ಟರಲ್ಲಿ ಆ ನಾಯಿಯ ಒಡಹುಟ್ಟಿದವು ಆಗಲೇ ಮರಿ ಹಾಕಿರುತ್ತವೆ.

ಲೆಕ್ಕ ಸರಳ. ಆ ವಂಶವಾಹಿಯ ಎರಡೂ ಪ್ರತಿ (ತಂದೆಯಿಂದ ಒಂದು, ತಾಯಿಯಿಂದ ಒಂದು) ಕೆಟ್ಟಿದ್ದರೆ ಮಾತ್ರ ರೋಗ. ಒಂದು ಕೆಟ್ಟು ಒಂದು ಸರಿಯಿದ್ದರೆ ನಾಯಿ ವಾಹಕ, ಅದಕ್ಕೆ ಜೀವಮಾನದಲ್ಲಿ ಏನೂ ಆಗದು. ವಾಹಕಕ್ಕೆ ವಾಹಕ ಸೇರಿಸಿದರೆ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಕಡೆ ಪೂರ್ತಿ ಸರಿಯಿರುವ ನಾಯಿ ಇದ್ದರೆ ಇನ್ನೊಂದು ಕಡೆ ವಾಹಕವಾದರೂ ಒಂದು ಮರಿಗೂ ರೋಗ ಬಾರದು. ಆದ್ದರಿಂದ ‘ತಾಯಿ ವಾಹಕ, ತಂದೆ ಸರಿ’ ಎಂಬ ಕಾಗದ ಕಂಡು ಓಡಿಹೋಗಬೇಡಿ. ಸಣ್ಣ ತಳಿ ಇದು. ವಾಹಕಗಳನ್ನೆಲ್ಲ ಒಮ್ಮೆಗೇ ಹೊರಗಿಟ್ಟರೆ ಉಳಿದ ಕೆಲವೇ ನಾಯಿಗಳೊಳಗೆ ಸಂಬಂಧ ಬೆಸೆದು ಬೇರೆ ರೋಗ ತಲೆ ಎತ್ತುತ್ತದೆ. ಹಾಗೆ ಯೋಚಿಸಿ ಜೋಡಿ ಮಾಡುವವರೇ ಮೇಲು.

ಕಾಗದದಲ್ಲಿ ನೋಡಬೇಕಾದ್ದು: ಪರೀಕ್ಷೆಯ ಹೆಸರು, ಪ್ರಯೋಗಾಲಯದ ಹೆಸರು (ಇದನ್ನು ಮೊದಲು ಮಾಡತೊಡಗಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೆನ್‌ಜೆನ್), ಮತ್ತು ನಾಯಿಯ 15 ಅಂಕಿಯ ಮೈಕ್ರೋಚಿಪ್ ಸಂಖ್ಯೆ. ಆ ಸಂಖ್ಯೆ ಎದುರಿಗಿರುವ ನಾಯಿಯ ಚಿಪ್‌ಗೆ ಹೊಂದಬೇಕು; ಸ್ಕ್ಯಾನರ್ ಹಿಡಿದು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ‘ನಮ್ಮ ವಂಶದಲ್ಲಿ ಇಲ್ಲ’, ‘ವೆಟ್ ನೋಡಿ ಆರೋಗ್ಯವಾಗಿದೆ ಎಂದಿದ್ದಾರೆ’ ಎನ್ನುವ ಮಾತುಗಳು ಉತ್ತರವಲ್ಲ. ಎರಡು ತಿಂಗಳ ಮರಿಯನ್ನು ಮುಟ್ಟಿ ನೋಡಿ ಯಾವ ವೆಟ್‌ಗೂ ಇದು ತಿಳಿಯದು.

ಉಳಿದವನ್ನು ಬೇಗ ಹೇಳುತ್ತೇನೆ. ಮೊಣಕಾಲ ಚಿಪ್ಪು ಜಾರುವುದು: ತಂದೆತಾಯಿಯನ್ನು ವೆಟ್ ಕೈಯಿಂದ ಪರೀಕ್ಷಿಸಿದ ದಾಖಲೆ ಕೇಳಿ. ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಕೊಳೆಯುವ ಪೆರ್ಥೆಸ್ ಎಂಬ ತೊಂದರೆ: ಒಂದು ವರ್ಷದೊಳಗಿನ ಮರಿ ಒಂದೇ ಹಿಂಗಾಲನ್ನು ಎತ್ತಿ ಕುಂಟಿದರೆ ‘ಹಾರಿದ್ದಕ್ಕೆ ಉಳುಕಿದೆ’ ಎಂದು ಎರಡು ವಾರ ಕಾಯದೆ ಎಕ್ಸ್‌ರೇ ತೆಗೆಸಿ. ಥೈರಾಯ್ಡ್ ಕುಗ್ಗುವುದು ನಡುವಯಸ್ಸಿನಲ್ಲಿ. ಮೈ ಭಾರ, ಆಲಸ್ಯ, ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ತೆಳ್ಳಗಾಗುವುದು ಸುಳಿವು. ಅಪಸ್ಮಾರವೂ ಈ ತಳಿಯಲ್ಲಿ ಕಾಣುತ್ತದೆ. ಅದರ ಬಗ್ಗೆ ಅಜ್ಜ ಅಜ್ಜಿಯರ ಮಟ್ಟದವರೆಗೆ ಕೇಳಿ. ಇಷ್ಟು ದಾಟಿದರೆ ಇದು ಗಟ್ಟಿ ಜೀವ, 13-14 ವರ್ಷ ಸಲೀಸು.

ಬೆಲ್ಜಿಯಂನಲ್ಲೇ ಕೊಳ್ಳುವುದಾದರೆ ಇನ್ನಷ್ಟು: ಮಾನ್ಯತೆ ಪಡೆದ ತಳಿಗಾರರ ಸಂಖ್ಯೆ ‘ಎಚ್‌ಕೆ’ ಎಂದು ಶುರುವಾಗುತ್ತದೆ. ಮರಿಗೆ ಚಿಪ್, ಡಾಗ್‌ಐಡಿ (ಬೆಲ್ಜಿಯಂನ ನಾಯಿಗಳ ದಾಖಲೆ ಪಟ್ಟಿ) ನೋಂದಣಿ, ಯುರೋಪಿಯನ್ ಪಾಸ್‌ಪೋರ್ಟ್ ಮೂರೂ ಇರಬೇಕು. ವಂಶಾವಳಿ ಕಾಗದ ಕೊಡುವುದು ಸೇಂಟ್ ಹ್ಯೂಬರ್ಟಸ್ ಸಂಸ್ಥೆ. ಹೊರದೇಶದಿಂದ ತಂದ ಮರಿಗೆ 12 ವಾರಕ್ಕೆ ರೇಬೀಸ್ ಲಸಿಕೆ, ಆಮೇಲೆ 21 ದಿನ, ಒಟ್ಟು 15 ವಾರವಾಗಿರಬೇಕು. ಹೊರದೇಶದ ಪಾಸ್‌ಪೋರ್ಟ್ ಹಿಡಿದ ಎಂಟು ವಾರದ ಮರಿಯನ್ನು ತೋರಿಸಿದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ.

---

ಲಂಗರು:

ದೋಣಿಯ ವಿಷಯ ನನಗೆ ಬಿಡಿ.

ಒಂದು ತಪ್ಪು ನಂಬಿಕೆ ಮೊದಲು ತೆಗೆಯೋಣ. ‘ದೋಣಿನಾಯಿ’ ಎಂದರೆ ಈಜುವ ನಾಯಿ ಎಂದಲ್ಲ. ಇದರ ಕೆಲಸ ಡೆಕ್ಕಿನ ಮೇಲೆ ಇತ್ತು: ದಂಡೆಯಲ್ಲಿ ದೋಣಿ ನಿಂತಾಗ ಅಪರಿಚಿತರು ಬಂದರೆ ಕೂಗುವುದು, ಧಾನ್ಯದ ಸರಕಿನಲ್ಲಿ ಇಲಿ ಹಿಡಿಯುವುದು. ಈಜಲು ಬರುತ್ತದೆ. ಆದರೆ ಇಮ್ಮಡಿ ತುಪ್ಪಳ ನೀರು ಕುಡಿದು ಭಾರವಾಗುತ್ತದೆ, ಆರು ಕಿಲೋ ಮೈ ಬೇಗ ತಣ್ಣಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಕ್ಕಿನ ದೋಣಿಯ ಪಕ್ಕವೂ ಕಾಲುವೆಯ ಕಲ್ಲುಗೋಡೆಯೂ ನೆಟ್ಟಗಿರುತ್ತವೆ. ಹತ್ತಲು ಹಿಡಿತವೇ ಇಲ್ಲ. ಬಿದ್ದ ನಾಯಿ ಈಜಲಾರದೆ ಸಾಯುವುದು ಕಡಿಮೆ. ಹತ್ತಲು ದಾರಿಯಿಲ್ಲದೆ ದಣಿದು ಸಾಯುತ್ತದೆ. ಆದ್ದರಿಂದ ಎರಡು ಕೆಲಸ: ಬೀಳದಂತೆ ಮಾಡುವುದು, ಬಿದ್ದರೆ ತಾನೇ ಹತ್ತುವಂತೆ ಮಾಡುವುದು. ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲಿಸುತ್ತಾರೆ.

ನಿಮ್ಮ 40 ಸೆಂ.ಮೀ. ತೆರಪು ಸ್ಕಿಪರ್ಕೆಗೆ ಬಾಗಿಲಿದ್ದ ಹಾಗೆ. ಗಂಟಿಲ್ಲದ ಪಾಲಿಯೆಸ್ಟರ್ ಅಥವಾ ನೈಲಾನ್ ಬಲೆ ತನ್ನಿ, ಕಣ್ಣು 3 ಸೆಂ.ಮೀ. ಮೀರದಿರಲಿ. 5 ಸೆಂ.ಮೀ. ಕಣ್ಣಿನ ಬಲೆ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಮರಿಯ ಮೂತಿ, ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಿನ ಕಂಬಿಗೆ ಹಗ್ಗ ಸುತ್ತಿ ಹೊಲಿದಂತೆ ಕಟ್ಟಿ, ಕೆಳಗೆ ಡೆಕ್ಕಿನ ಅಂಚಿಗೆ 15 ಸೆಂ.ಮೀ.ಗೊಂದು ಕಟ್ಟು ಹಾಕಿ. ಕೆಳಗಂಚು ಬಿಗಿಯಾಗಿರುವುದೇ ಮುಖ್ಯ. ಸಡಿಲವಿದ್ದರೆ ಮೂತಿಯಿಂದ ಎತ್ತಿ ನುಸುಳುತ್ತದೆ, ತಲೆ ಹೋದರೆ ಮೈ ಹೋಯಿತು. ಪ್ಲಾಸ್ಟಿಕ್ ಕೇಬಲ್ ಪಟ್ಟಿ ಬಳಸುವುದಾದರೆ ಬಿಸಿಲು ತಡೆಯುವ ಕಪ್ಪು ಬಣ್ಣದವು, ಬಿಳಿಯವು ಒಂದೆರಡು ಬೇಸಿಗೆಗೆ ಪುಡಿಯಾಗುತ್ತವೆ. ಎಲ್ಲ ಮುಗಿದ ಮೇಲೆ ದಂಡೆಗೆ ಇಳಿಯುವ ಹಲಗೆಯ ಬಾಯಿ ನೋಡಿ. ಎಲ್ಲರೂ ಮರೆಯುವ ಜಾಗ ಅದು, ಅಲ್ಲಿಗೊಂದು ಪುಟ್ಟ ಗೇಟು ಬೇಕು. ಹಲಗೆಯ ಮೇಲೆ ಒರಟು ಪಟ್ಟಿ ಅಂಟಿಸಿ, ಎರಡೂ ಪಕ್ಕ ಬಲೆ ಕಟ್ಟಿ. ಇಬ್ಬನಿ ಬಿದ್ದ ಬೆಳಗಿನಲ್ಲಿ ಬಾತುಕೋಳಿಯ ಹಿಂದೆ ಓಡುವಾಗ ಜಾರುವುದು ಇಲ್ಲೇ.

ಹತ್ತುವ ದಾರಿ: ದೋಣಿಯ ಹಿಂಬದಿಯಲ್ಲಿ ಅಡ್ಡಪಟ್ಟಿ ಇರುವ ಇಳಿಜಾರು ಹಲಗೆ. ಕೆಳತುದಿ ನೀರಿನೊಳಗೆ 25-30 ಸೆಂ.ಮೀ. ಮುಳುಗಿರಬೇಕು. ನೀರಿನ ಮಟ್ಟಕ್ಕೇ ನಿಂತರೆ ನಾಯಿ ಮುಂಗಾಲು ಇಟ್ಟು ತೂಗಾಡುತ್ತದೆ, ಮೈ ಎತ್ತಲಾರದು. ತೇಲದಂತೆ ತುದಿಗೆ ಭಾರ ಕಟ್ಟಿ. ಹಲಗೆ ಇಟ್ಟರೆ ಸಾಲದು, ಬೇಸಿಗೆಯಲ್ಲಿ ಲೈಫ್ ಜಾಕೆಟ್ ತೊಡಿಸಿ ದೋಣಿಯ ಎರಡೂ ಪಕ್ಕದಿಂದ ಅಲ್ಲಿಗೆ ಈಜಿಸಿ ಅಭ್ಯಾಸ ಮಾಡಿಸಬೇಕು, ಒಮ್ಮೆಗೆ ನಾಲ್ಕೈದು ಸಲ, ಹಲವು ದಿನ. ಗಾಬರಿಯಲ್ಲಿ ಅದು ಹೋಗುವುದು ತಿಳಿದ ದಾರಿಗೇ.

ಲೈಫ್ ಜಾಕೆಟ್ ಅಳತೆ ಮುಂಗಾಲುಗಳ ಹಿಂದೆ, ಎದೆಯ ಸುತ್ತ. ತುಪ್ಪಳ ಒತ್ತಿ ಹಿಡಿದು ಅಳೆಯಿರಿ, ಇಲ್ಲದಿದ್ದರೆ ಮೂರ್ನಾಲ್ಕು ಸೆಂ.ಮೀ. ಹೆಚ್ಚು ಬಂದು ನೀರಲ್ಲಿ ಜಾಕೆಟ್ ಮೇಲಕ್ಕೂ ನಾಯಿ ಕೆಳಕ್ಕೂ ಹೋಗುತ್ತದೆ. ಬೆನ್ನ ಮೇಲೆ ಗಟ್ಟಿ ಹಿಡಿ ಇರಲೇಬೇಕು, ದೋಣಿಕೊಕ್ಕೆ ಸಿಕ್ಕಿಸಿ ಎತ್ತಲು. ಕೊಳ್ಳುವ ಮುಂಚೆ ಆ ಹಿಡಿ ಹಿಡಿದು ನಾಯಿಯನ್ನು ನೆಲದಿಂದ ಒಂದಡಿ ಎತ್ತಿ ನೋಡಿ. ವಾಲದೆ ಮಟ್ಟವಾಗಿ ಎದ್ದರೆ ಸರಿ.

ಕತ್ತುಪಟ್ಟಿಗೆ ಹಗ್ಗ ಕಟ್ಟಿ ಡೆಕ್ಕಿನಲ್ಲಿ ಬಿಟ್ಟುಹೋಗುವ ಅಭ್ಯಾಸ ಬೇಡವೇ ಬೇಡ. ಪಕ್ಕಕ್ಕೆ ಹಾರಿದರೆ ನೇಣು. ಇನ್ನೊಂದು ಕಾರಣವೂ ಇದೆ: ಈ ತಳಿಯ ಕತ್ತು ದಪ್ಪ, ತಲೆ ಬೆಣೆ; ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕಳಚಿಬರುತ್ತದೆ. ಹೊರಗೆ ಹಾರ್ನೆಸ್, ಒಳಗೆ ಗುರುತಿನ ಬಿಲ್ಲೆಗಾಗಿ ಉರುಟಾಗಿ ಸುತ್ತಿದ ತೊಗಲಿನ ಪಟ್ಟಿ. ಚಪ್ಪಟೆ ನೈಲಾನ್ ಪಟ್ಟಿ ಕತ್ತಿನ ಕೂದಲನ್ನು ತಿಂದುಹಾಕುತ್ತದೆ.

ಲಾಕ್ ದಾಟುವಾಗ ಚರ್ಚೆಯೇ ಇಲ್ಲ: ಒಳಗೆ ಹೋಗುವ ಮುಂಚೆ ನಾಯಿ ಕ್ಯಾಬಿನ್ನಿನಲ್ಲಿ, ಹಗ್ಗ ಸುತ್ತಿಟ್ಟ ಮೇಲೆ ಹೊರಗೆ. ಬಿಗಿದ ಹಗ್ಗ, ಕಬ್ಬಿಣದ ಗೂಟ, ಗೋಡೆಗೂ ದೋಣಿಗೂ ನಡುವಿನ ಒಂದು ಗೇಣು ನೀರು, ಜೊತೆಗೆ ಎಲ್ಲಿ ಏನು ನಡೆದರೂ ಮೂತಿ ತೂರಿಸುವ ನಾಯಿ. ಇವೆಲ್ಲ ಒಂದೇ ಕಡೆ ಸೇರಬಾರದು.

ಕೊನೆಗೆ ವಿಷ. ಎಂಜಿನ್ನಿನ ಆಂಟಿಫ್ರೀಜ್ ಎಥಿಲೀನ್ ಗ್ಲೈಕಾಲ್ ಆಗಿದ್ದರೆ ಸಿಹಿ, ನಾಯಿ ನೆಕ್ಕುತ್ತದೆ, ಸ್ವಲ್ಪವೇ ಸಾಕು ಮೂತ್ರಪಿಂಡ ಹೋಗಲು. ನೀರಿನ ಕೊಳವೆಗಳ ಚಳಿಗಾಲದ ರಕ್ಷಣೆಗಾದರೂ ಪ್ರೊಪಿಲೀನ್ ಗ್ಲೈಕಾಲ್ ಬಳಸಿ, ಎಂಜಿನ್ ತಳದ ಹೊಂಡಕ್ಕೆ ಮುಚ್ಚಳ ಬಿಗಿಯಾಗಿರಲಿ. ದೋಣಿಯಲ್ಲಿ ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ನಾಯಿ ತಿಂದರೂ ಅಪಾಯ ಇದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ವಿಷದ ಲಕ್ಷಣ ಮೂರರಿಂದ ಐದು ದಿನ ತಡವಾಗಿ ಬರುತ್ತದೆ: ಮಂಕು, ಬಿಳಿಚಿದ ವಸಡು, ಏದುಸಿರು. ಅನುಮಾನ ಬಂದ ದಿನವೇ ವೆಟ್ ಹತ್ತಿರ ಹೋದರೆ ವಿಟಮಿನ್ ಕೆ1 ಕೆಲವು ವಾರ ಕೊಟ್ಟು ಉಳಿಸಬಹುದು.

---

ಕಾಲುವೆ_ವಾಸಿ:

ಲಂಗರು ಅವರೇ, ಹತ್ತುವ ಹಲಗೆಯ ವಿಚಾರ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಇಲಿ ಎಂದಿರಲ್ಲ, ನಮ್ಮ ದಂಡೆಯಲ್ಲಿ ಇಲಿ ಸಾಕಷ್ಟಿದೆ. ನಾಯಿ ಹಿಡಿಯುವುದನ್ನು ಬಿಡಿಸಬೇಕೇ? ಬೊಗಳುವ ವಿಷಯ ಯಾರಾದರೂ ಹೇಳಿ.

---

ಕಿವಿ_ನೆಟ್ಟಗೆ:

ಇಲಿ ಹಿಡಿಯುವುದನ್ನು ಬಿಡಿಸಲಾಗದು, ಅದು ರಕ್ತದಲ್ಲೇ ಇದೆ. ಹಿಡಿದದ್ದನ್ನು ‘ಬಿಡು’ ಎಂದಾಗ ಬಾಯಿಂದ ಬಿಡುವುದನ್ನು ಕಲಿಸಿ. ಪ್ರತಿ ಸಲ ಅದಕ್ಕಿಂತ ರುಚಿಯಾದದ್ದನ್ನು ಬದಲಿಗೆ ಕೊಡಿ. ಲೆಪ್ಟೊಸ್ಪೈರೋಸಿಸ್ ಲಸಿಕೆ ನಾಲ್ಕು ಬಗೆಯನ್ನು ತಡೆಯುವಂಥದ್ದನ್ನೇ ಹಾಕಿಸಿ: ಎರಡು ಡೋಸ್, ನಾಲ್ಕು ವಾರ ಅಂತರ, ಆಮೇಲೆ ವರ್ಷ ವರ್ಷ ತಪ್ಪದೆ. ಉಳಿದ ಲಸಿಕೆಗಳಂತೆ ಇದು ಮೂರು ವರ್ಷ ಬಾಳುವುದಿಲ್ಲ. ನಮ್ಮ ಕರಾವಳಿಯವರು ಇಲಿಜ್ವರ ಎನ್ನುವುದು ಇದನ್ನೇ, ಮನುಷ್ಯರಿಗೂ ಅಂಟುತ್ತದೆ.

ಬೊಗಳು. ಇದು ಕಾವಲಿಗೇ ಬೆಳೆಸಿದ ನಾಯಿ. ಪೂರ್ತಿ ಮೌನ ಬೇಕೆಂದರೆ ಬೇರೆ ತಳಿ ನೋಡಿ. ಆದರೆ ‘ಎರಡು ಮೂರು ಸಲ ಕೂಗು, ಆಮೇಲೆ ನನಗೆ ಬಿಡು’ ಎಂಬ ಒಪ್ಪಂದಕ್ಕೆ ಖಂಡಿತ ಬರುತ್ತದೆ, ಏಕೆಂದರೆ ಚುರುಕು ಬುದ್ಧಿ.

ದಾರಿ ಹೀಗೆ. ಮೊದಲ ವಾರ ಕಲಿಸಬೇಡಿ, ಬರೆದಿಡಿ: ಯಾವಾಗ, ಯಾವುದಕ್ಕೆ, ಎಷ್ಟು ಹೊತ್ತು. ಹಲಗೆಯ ಮೇಲಿನ ಹೆಜ್ಜೆ ಸದ್ದಿಗೆ ಬೊಗಳುವುದು ನಿಮಗೆ ಬೇಕಾದ ಬೊಗಳು. ದಂಡೆಯ ಸೈಕಲ್ಲಿಗೆ ಬೊಗಳುವುದು ಬೇಡದ್ದು. ಬೇಡದ್ದರಲ್ಲಿ ಬಹುಪಾಲು ಕಣ್ಣಿನಿಂದ ಹುಟ್ಟುತ್ತದೆ. ಕ್ಯಾಬಿನ್ ಕಿಟಕಿಗಳು ನಾಯಿಯ ಕಣ್ಣಿನ ಮಟ್ಟಕ್ಕಿದ್ದರೆ ಕೆಳಗಿನ ಅರ್ಧಕ್ಕೆ ಮಂಜುಗಾಜಿನ ಕಾಗದ ಅಂಟಿಸಿ, ಕಿಟಕಿಯಡಿಯ ಬೆಂಚು ಸರಿಸಿ.

ಆಮೇಲೆ ‘ಸಾಕು’. ಬೊಗಳುತ್ತಿರುವಾಗ ಈ ಪದ ಹೇಳಬೇಡಿ, ಎಲ್ಲರೂ ಮಾಡುವ ತಪ್ಪು ಇದು. ಕೂಗಿ ಹೇಳಿದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದಕ್ಕೆ ಅನ್ನಿಸುತ್ತದೆ. ಎರಡು ಮೂರು ಬೊಗಳಾದ ಮೇಲೆ ಸುಮ್ಮನೆ ಹತ್ತಿರ ಹೋಗಿ, ಬೇಯಿಸಿದ ಕೋಳಿಯ ಚೂರನ್ನು ಮೂಗಿಗೆ ಹಿಡಿಯಿರಿ. ಮೂಸುವಾಗ ಬೊಗಳಲಾಗದು. ಎರಡು ಸೆಕೆಂಡ್ ಮೌನವಾದಾಗ ಮೆಲ್ಲನೆ ‘ಸಾಕು’ ಎಂದು ಹೇಳಿ ಕೊಡಿ. ದಿನಕ್ಕೆ ಎರಡು ಹೊತ್ತು ಐದೈದು ನಿಮಿಷ, ಯಾರಾದರೂ ಒಬ್ಬರು ಹೊರಗಿನಿಂದ ಹಲಗೆ ತಟ್ಟಲಿ. ಮೌನವನ್ನು ಎರಡರಿಂದ ಐದು, ಹತ್ತು, ಇಪ್ಪತ್ತು ಸೆಕೆಂಡಿಗೆ ಏರಿಸಿ. ಎರಡು ಮೂರು ವಾರದಲ್ಲಿ ಪದಕ್ಕೆ ಅರ್ಥ ಹುಟ್ಟುತ್ತದೆ. ಆಗ ಮಾತ್ರ ಬೊಗಳುವಾಗ ಪದ ಬಳಸಿ. ಇಲ್ಲಿ ಒಂದು ಎಡವಟ್ಟು ಆಗುತ್ತದೆ: ‘ಬೊಗಳಿ ನಿಲ್ಲಿಸಿದರೆ ಕೋಳಿ’ ಎಂದು ಕಲಿತು ಬೇಕೆಂದೇ ಬೊಗಳಿ ನಿಮ್ಮ ಮುಖ ನೋಡುತ್ತದೆ. ಆಗ ಸದ್ದು ಕೇಳಿಯೂ ಬೊಗಳದೆ ನಿಮ್ಮ ಕಡೆ ತಿರುಗಿದ್ದಕ್ಕೆ ಹೆಚ್ಚು ಕೊಡಿ, ಬೊಗಳಿ ನಿಲ್ಲಿಸಿದ್ದಕ್ಕೆ ಕಡಿಮೆ.

---

ಲಂಗರು:

ಕಿಟಕಿಗೆ ಕಾಗದ ಅಂಟಿಸುವುದಕ್ಕೆ ನನ್ನ ಸಣ್ಣ ತಕರಾರು. ಪೂರ್ತಿ ಮುಚ್ಚಿದರೆ ಈ ನಾಯಿ ಕಿವಿಯಿಂದಲೇ ಕಾವಲು ಕಾಯತೊಡಗುತ್ತದೆ, ಆಗ ಕಾಣದ ಸದ್ದಿಗೆಲ್ಲ ಬೊಗಳುತ್ತದೆ. ದಂಡೆಯ ಕಡೆ ಮುಚ್ಚಿ, ನೀರಿನ ಕಡೆ ಒಂದು ಕಿಟಕಿ ಬಿಡಿ, ಅದರ ಮುಂದೆ ಅದಕ್ಕೊಂದು ಚಾಪೆ. ನೋಡುವ ಕೆಲಸವನ್ನು ಪೂರ್ತಿ ಕಿತ್ತುಕೊಂಡ ಸ್ಕಿಪರ್ಕೆ ಬೇರೆ ಕೆಲಸ ಹುಡುಕುತ್ತದೆ: ಹಗ್ಗ ಕಡಿಯುವುದು, ಕಪಾಟು ತೆರೆಯುವುದು.

ಕಿವಿ_ನೆಟ್ಟಗೆ:

ಒಪ್ಪಿದೆ. ದಂಡೆ ಕಡೆ ಮಾತ್ರ ಸಾಕು.

---

ಕಡಲಕರೆ:

ಮಂಗಳೂರಿನ ಪ್ರಶ್ನೆ ಉಳಿದಿದೆ. ಬದುಕುತ್ತದೆ, ಆದರೆ ನೀವು ದಿನಚರಿ ಬದಲಾಯಿಸಿದರೆ ಮಾತ್ರ. ನಾಯಿ ತಣ್ಣಗಾಗುವುದು ಏದುಸಿರಿನಿಂದ, ನಾಲಿಗೆಯ ತೇವ ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವಾಗ ಅದು ಆರುವುದಿಲ್ಲ. ಹಾಗಾಗಿ ಬಯಲುಸೀಮೆಯ 36 ಡಿಗ್ರಿಗಿಂತ ಮಂಗಳೂರಿನ 32 ಇದಕ್ಕೆ ಕಷ್ಟ. ವಾಯುವಿಹಾರ ಬೆಳಿಗ್ಗೆ ಏಳರೊಳಗೆ, ಸಂಜೆ ಕತ್ತಲಾದ ಮೇಲೆ. ಅಂಗೈ ಹಿಂಬದಿ ಏಳು ಸೆಕೆಂಡ್ ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಸೆಕೆಗೆಂದು ಬೋಳಿಸಬೇಡಿ. ಹೊರಗೂದಲು ಬಿಸಿಲನ್ನು ತಡೆಯುತ್ತದೆ. ಬೋಳಿಸಿದರೆ ಒಳತುಪ್ಪಳ ಮೊದಲು ಬೆಳೆದು ಹತ್ತಿಯಂತಾಗುತ್ತದೆ, ಹೊರಗೂದಲು ತೇಪೆ ತೇಪೆಯಾಗಿ ಬರಬಹುದು. ಬದಲಿಗೆ ಒಳತುಪ್ಪಳ ಬಾಚಿ ತೆಗೆಯಿರಿ, ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಒದ್ದೆ ಒಳತುಪ್ಪಳ ಆರದೆ ಉಳಿದರೆ ಒಂದೇ ರಾತ್ರಿಯಲ್ಲಿ ಚರ್ಮ ಹಸಿಹುಣ್ಣಾಗುತ್ತದೆ, ಅದಕ್ಕೆ ತಣ್ಣನೆ ಗಾಳಿಯ ಡ್ರೈಯರ್ ಇಟ್ಟುಕೊಳ್ಳಿ. ಉಣ್ಣಿ ಕಪ್ಪು ತುಪ್ಪಳದಲ್ಲಿ ಕಣ್ಣಿಗೆ ಬೀಳದು. ಬೆರಳಿಂದ ಹುಡುಕಬೇಕು, ಕಿವಿಯೊಳಗೆ, ಕತ್ತಿನ ಜೂಲಿನಡಿ, ಕಾಲ್ಬೆರಳ ಸಂದಿಯಲ್ಲಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ಸೋಂಕು ಎರಡೂ ನಮ್ಮಲ್ಲಿವೆ, ಉಣ್ಣಿ ಔಷಧ ಇಡೀ ವರ್ಷ ನಡೆಯಲಿ.

ತರುವ ಬಗ್ಗೆ: ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿಗಳವರೆಗೆ ತರಬಹುದು. ಪ್ರಾಣಿ ಕ್ವಾರಂಟೈನ್ ಸೇವೆಯಿಂದ ಮುಂಚಿತವಾಗಿ ಎನ್‌ಒಸಿ ಪಡೆಯಬೇಕು, ನಾಯಿ ಇಳಿಯಬೇಕಾದ್ದು ಆ ಕಚೇರಿ ಇರುವ ನಿಲ್ದಾಣದಲ್ಲಿ. ಬೆಂಗಳೂರಿನಲ್ಲಿ ಇದೆ, ಮಂಗಳೂರಿನಲ್ಲಿ ಇಲ್ಲ. ಅಲ್ಲಿಂದ ಘಟ್ಟ ಇಳಿಯುವುದು ರಸ್ತೆಯಲ್ಲೇ. ಬರುವುದು ಡಿಸೆಂಬರ್, ಜನವರಿಯಲ್ಲಾಗಲಿ. ಏಪ್ರಿಲ್‌ನಲ್ಲಿ ತಂದರೆ ಒಂದೇ ದಿನದಲ್ಲಿ ಚಳಿಯಿಂದ ಕಡುಸೆಕೆಗೆ ಬಿದ್ದಂತೆ.

---

ಕಾಲುವೆ_ವಾಸಿ:

ಎಲ್ಲರಿಗೂ ವಂದನೆ. ಕೊನೆಯದಾಗಿ: ಬಾಚುವುದು ಎಷ್ಟು ದಿನಕ್ಕೊಮ್ಮೆ, ಊಟ ಎಷ್ಟು?

---

ಮೂರು_ಮೊಳ_ಹಗ್ಗ:

ವಾರಕ್ಕೊಮ್ಮೆ ಸಾಕು. ಮೊದಲು ತಂತಿಬ್ರಷ್, ಆಮೇಲೆ ಬುಡದವರೆಗೆ ಲೋಹದ ಬಾಚಣಿಗೆ. ಕಿವಿ ಹಿಂದೆಯೂ ತೊಡೆಯ ಚಲ್ಲಣದಲ್ಲೂ ಗಂಟು ಮೊದಲು ಬೀಳುವುದು. ಕೂದಲು ಉದುರುವ ಕಾಲ ಬಂದಾಗ ಒಳತುಪ್ಪಳ ಗೊಂಚಲು ಗೊಂಚಲಾಗಿ ಏಳುತ್ತದೆ, ಹೆಣ್ಣಿಗೆ ಬೆದೆಯ ನಂತರ, ಗಂಡಿಗೆ ಸುಮಾರಾಗಿ ವರ್ಷಕ್ಕೊಮ್ಮೆ. ಆಗ ಬೆಚ್ಚನೆ ನೀರಿನ ಸ್ನಾನ ಮಾಡಿಸಿ ದಿನವೂ ಬಾಚಿದರೆ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಬಿಟ್ಟರೆ ಎರಡು ತಿಂಗಳು ಎಳೆಯುತ್ತದೆ, ದೋಣಿಯ ನೀರೆತ್ತುವ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಆ ತಿಂಗಳು ಜಾಲರಿಯನ್ನು ವಾರ ವಾರ ತೆಗೆದು ನೋಡಿ. ಉದುರುವ ಮುಂಚೆ ಕಪ್ಪು ಬಣ್ಣ ತುಕ್ಕು ಹಿಡಿದಂತೆ ಕೆಂಪಾಗುವುದು ಸಹಜ, ಹಳೆಯ ಕೂದಲು ಬಿಸಿಲಿಗೆ ಮಾಸಿದ್ದು. ಹೊಸ ಕೂದಲು ಬಂದ ಮೇಲೂ ಕೆಂಪೇ ಉಳಿದರೆ ಆಹಾರದ ಪ್ರೋಟೀನ್ ಮತ್ತು ಥೈರಾಯ್ಡ್ ನೋಡಿಸಿ.

ಊಟ: ಬೆಳೆದ 6 ಕಿಲೋ ನಾಯಿಗೆ ವಿಶ್ರಾಂತಿಯ ಲೆಕ್ಕ ಸುಮಾರು 270 ಕ್ಯಾಲರಿ. ದೋಣಿಯಲ್ಲಿ ಓಡಾಟ ಕಡಿಮೆ, ಸಂತಾನಹರಣವೂ ಆಗಿದ್ದರೆ ಅದರ 1.2ರಿಂದ 1.4 ಪಟ್ಟು, ಅಂದರೆ 320ರಿಂದ 375. ನೂರು ಗ್ರಾಂಗೆ 370 ಕ್ಯಾಲರಿ ಇರುವ ಒಣ ಆಹಾರವಾದರೆ ದಿನಕ್ಕೆ 87ರಿಂದ 100 ಗ್ರಾಂ, ಎರಡು ಹೊತ್ತಿಗೆ ಹಂಚಿ. ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ‘ಸಾಕು’ ಕಲಿಸುವಾಗ ಕೊಟ್ಟ ಕೋಳಿ ಇದರಲ್ಲೇ ಕಳೆಯಬೇಕು. ಚೀಲದ ಮೇಲಿನ ಪಟ್ಟಿ ಇದಕ್ಕಿಂತ ಹೆಚ್ಚು ಹೇಳುವುದುಂಟು. ಈ ತಳಿ ಕೊಟ್ಟಷ್ಟೂ ತಿನ್ನುತ್ತದೆ, ತುಪ್ಪಳ ಕೊಬ್ಬನ್ನು ಮುಚ್ಚಿಡುತ್ತದೆ. ಕಣ್ಣನ್ನು ನಂಬಬೇಡಿ. ಹದಿನೈದು ದಿನಕ್ಕೊಮ್ಮೆ ಬೆರಳುಗಳನ್ನು ತುಪ್ಪಳದೊಳಗೆ ಇಳಿಸಿ, ಪಕ್ಕೆಲುಬು ಒತ್ತದೆಯೇ ಎಣಿಸಲು ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಹತ್ತು ಗ್ರಾಂ ಇಳಿಸಿ, ಮೂರು ವಾರ ಬಿಟ್ಟು ಮತ್ತೆ ನೋಡಿ.